ಮುಂದಿನ ಹೆಜ್ಜೆಯನ್ನು ಕೇಳಿ ನಡೆಯುವ ಪರೀಕ್ಷೆ: ಗ್ರಾಫ್‌ವಾಕರ್ ವೆಬ್‌ಸಾಕೆಟ್‌ಗೆ ಬಂದ ದಾರಿ

ಮಾದರಿ ಆಧಾರಿತ ಪರೀಕ್ಷೆಯಲ್ಲಿ ಪರೀಕ್ಷಕರು ಟೆಸ್ಟ್ ಕೇಸುಗಳನ್ನು ಒಂದೊಂದಾಗಿ ಬರೆಯುವುದಿಲ್ಲ. ತಂತ್ರಾಂಶ ಯಾವ ಯಾವ ಸ್ಥಿತಿಯಲ್ಲಿರಬಹುದು, ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂಬ ನಕ್ಷೆಯನ್ನು, ಅಂದರೆ ಮಾದರಿಯನ್ನು, ಬರೆದುಕೊಟ್ಟರೆ, ಅದರೊಳಗಿನ ದಾರಿಗಳನ್ನು ಪ್ರೋಗ್ರಾಮೇ ಹುಡುಕುತ್ತದೆ. ಈ ವಿಚಾರದ ಬೇರು ಹಳೆಯದು. ಒಳಗನ್ನು ಬಿಚ್ಚಿ ನೋಡಲಾಗದ ಯಂತ್ರಕ್ಕೆ ಇನ್‌ಪುಟ್ ಕೊಟ್ಟು, ಹೊರಬಂದದ್ದನ್ನಷ್ಟೇ ಗಮನಿಸಿ ಅದರ ಸ್ಥಿತಿಗಳನ್ನು ಎಷ್ಟರಮಟ್ಟಿಗೆ ತಿಳಿಯಬಹುದು ಎಂಬ ಪ್ರಶ್ನೆಯನ್ನು ಎಡ್ವರ್ಡ್ ಮೂರ್ 1956ರಲ್ಲೇ ಎತ್ತಿದ್ದರು. 1978ರಲ್ಲಿ ಟ್ಸುನ್ ಚೌ ಅದೇ ಬಗೆಯ ಯಂತ್ರವಾಗಿ ಬರೆದ ತಂತ್ರಾಂಶ ವಿನ್ಯಾಸದಿಂದ ಪರೀಕ್ಷಾ ಸರಣಿಗಳನ್ನು ಪಡೆಯುವ ಕ್ರಮವನ್ನು ಪ್ರಕಟಿಸಿದರು.

ಹೀಗೆ ಸಿಕ್ಕ ದಾರಿಯನ್ನು ಮೊದಲೇ ಪೂರ್ತಿ ಪಟ್ಟಿ ಮಾಡಿ ಕಡತದಲ್ಲಿಟ್ಟು, ಆಮೇಲೆ ಓಡಿಸುವುದು ಸುಲಭದ ಮಾರ್ಗ. ಇದು ಆಫ್‌ಲೈನ್ ವಿಧಾನ. ಪರೀಕ್ಷೆ ನಡೆಯುತ್ತಿರುವಾಗಲೇ ಮುಂದಿನ ಹೆಜ್ಜೆಯನ್ನು ನಿರ್ಧರಿಸಬೇಕೆಂದರೆ, ದಾರಿ ಹುಡುಕುವ ಎಂಜಿನ್ ಟೆಸ್ಟ್ ಸ್ಕ್ರಿಪ್ಟಿನ ಜೊತೆಗೇ ಎಚ್ಚರವಾಗಿರಬೇಕಾಗುತ್ತದೆ. ಜಾವಾದಲ್ಲಿ ಬರೆದ ಗ್ರಾಫ್‌ವಾಕರ್ ಎಂಬ, ಇಂಥ ದಾರಿಗಳನ್ನು ಹುಡುಕುವ ಮುಕ್ತ ತಂತ್ರಾಂಶಕ್ಕೆ ತೊಡಕು ಎದುರಾದದ್ದು ಇಲ್ಲೇ: ಎಂಜಿನ್ ಜಾವಾದಲ್ಲಿ, ಸ್ಕ್ರಿಪ್ಟು ಪೈಥಾನಿನಲ್ಲೋ ಸಿ ಶಾರ್ಪ್‌ನಲ್ಲೋ ಇದ್ದರೆ ಇವೆರಡೂ ಮಾತನಾಡುವುದು ಹೇಗೆ? ಎರಡನೆಯ ಆವೃತ್ತಿ ಅದಕ್ಕೆ ಸೋಪ್ (ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಪ್ರೋಗ್ರಾಮುಗಳು ಮಾತನಾಡುವ ಕ್ರಮ) ಸೇವೆಯನ್ನು ಕೊಟ್ಟಿತ್ತು. "ಮುಂದೇನು" ಎಂಬಷ್ಟೇ ಪ್ರಶ್ನೆಗೂ ಎಕ್ಸ್‌ಎಂಎಲ್ ಲಕೋಟೆ ಕಟ್ಟಬೇಕಿತ್ತು. ಮೂರನೆಯ ಆವೃತ್ತಿಯಲ್ಲಿ ಅದರ ಜಾಗಕ್ಕೆ ರೆಸ್ಟ್ (ಒಂದು ಎಚ್‌ಟಿಟಿಪಿ ಕೋರಿಕೆಗೆ ಒಂದು ಉತ್ತರ ಎಂಬ ಸರಳ ಕ್ರಮ) ಮತ್ತು ವೆಬ್‌ಸಾಕೆಟ್ ಬಂದವು.

ಅಷ್ಟರಲ್ಲಿ ವೆಬ್‌ಸಾಕೆಟ್ ನೆಲೆಗೊಂಡಿತ್ತು. ಅದರ ಪ್ರಮಾಣಿತ ದಾಖಲೆ ಆರ್‌ಎಫ್‌ಸಿ 6455 ಹೊರಬಂದದ್ದು 2011ರ ಡಿಸೆಂಬರಿನಲ್ಲಿ. ಸಂಪರ್ಕ ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಯಾಗಿಯೇ ಶುರುವಾಗುತ್ತದೆ, ಸರ್ವರ್ 101 ಎಂಬ ಉತ್ತರ ಕೊಟ್ಟ ಮೇಲೆ ಅದೇ ಕೊಂಡಿ ತೆರೆದೇ ಉಳಿದು, ಎರಡೂ ಕಡೆಯವರು ತಮಗೆ ಬೇಕಾದಾಗ ಸಂದೇಶ ಕಳಿಸಬಹುದಾಗುತ್ತದೆ.

ಪುಸ್ತಕದಂಗಡಿಯ ಜಾಲತಾಣವನ್ನು ಪರೀಕ್ಷಿಸುವ ಸ್ಕ್ರಿಪ್ಟನ್ನು ತೆಗೆದುಕೊಳ್ಳಿ. ಅದು 8887ನೆಯ ಪೋರ್ಟಿಗೆ ಸಂಪರ್ಕ ಪಡೆದು, 'ಸ್ಟಾರ್ಟ್' ಆದೇಶದ ಜೊತೆ ಇಡೀ ಮಾದರಿಯನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಕಳಿಸುತ್ತದೆ. 'ಗೆಟ್‌ನೆಕ್ಸ್ಟ್' ಎಂದು ಕೇಳಿದಾಗ ಉತ್ತರವಾಗಿ ಎಡ್ಜ್ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಗೆರೆ) ಬಂದರೆ ಏನನ್ನಾದರೂ ಮಾಡಬೇಕು, ವರ್ಟೆಕ್ಸ್ (ಸ್ಥಿತಿ) ಬಂದರೆ ಪರಿಶೀಲಿಸಬೇಕು. "ಪುಸ್ತಕ ಸೇರಿಸು" ಎಂಬ ಎಡ್ಜ್ ಬಂತು, ಸ್ಕ್ರಿಪ್ಟು ಗುಂಡಿ ಒತ್ತಿತು. ಮಾದರಿ ತನ್ನ ಲೆಕ್ಕದ ಸಂಖ್ಯೆಯನ್ನು ಒಂದು ಹೆಚ್ಚಿಸಿಕೊಂಡಿತು. ಮುಂದಿನ ವರ್ಟೆಕ್ಸ್‌ನಲ್ಲಿ ಸ್ಕ್ರಿಪ್ಟು 'ಗೆಟ್‌ಡೇಟಾ' ಮೂಲಕ ಆ ಸಂಖ್ಯೆಯನ್ನು ಪಡೆದು, ಪರದೆಯ ಮೇಲಿನ ಬುಟ್ಟಿಯೊಂದಿಗೆ ಹೋಲಿಸುತ್ತದೆ. ಗ್ರಾಫ್‌ವಾಕರ್ ಆ ಜಾಲತಾಣವನ್ನು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ: ಮಾದರಿಯನ್ನು ಪೂರ್ತಿ ಸುತ್ತಿ ಬಂದ ಮಾತ್ರಕ್ಕೆ ಪರೀಕ್ಷೆ ಪಾಸಾಯಿತು ಎಂದಲ್ಲ.

ಇಷ್ಟೇ ಕೆಲಸವಾದರೆ ರೆಸ್ಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಗುಂಡಿ ಒತ್ತಿ ಪುಟ ತೆರೆಯಲು ಹಿಡಿಯುವ ಸಮಯದ ಮುಂದೆ ಸಂಪರ್ಕದ ವೇಗದಲ್ಲಿ ಉಳಿಯುವುದು ಚಿಲ್ಲರೆ. ವೆಬ್‌ಸಾಕೆಟ್‌ನ ನಿಜವಾದ ಲಾಭ ಸರ್ವರ್ ತಾನಾಗಿಯೇ ಮಾತನಾಡಬಲ್ಲದು ಎಂಬುದರಲ್ಲಿದೆ. ಪ್ರತಿ ಹೆಜ್ಜೆಯಲ್ಲೂ ಅದು 'ವಿಸಿಟೆಡ್ ಎಲಿಮೆಂಟ್' ಎಂಬ ಸಂದೇಶವನ್ನು ಕಳಿಸಿ, ಈಗ ಯಾವ ಬಿಂದುವಿನಲ್ಲಿದ್ದೇವೆ, ಅಲ್ಲಿಗೆ ಎಷ್ಟನೆಯ ಸಲ ಬಂದೆವು, ನಿಲ್ಲಿಸುವ ಷರತ್ತು (ನಡಿಗೆ ಯಾವಾಗ ಮುಗಿಯಬೇಕು ಎಂಬ ನಿಯಮ) ಎಷ್ಟು ಪೂರೈಸಿತು ಎಂಬುದನ್ನು ತಿಳಿಸುತ್ತದೆ. ಮಾದರಿಯ ಮೇಲೆ ಪರೀಕ್ಷೆ ಸಾಗುವುದನ್ನು ಬ್ರೌಸರಿನಲ್ಲಿ ಬಣ್ಣ ಬದಲಾಗುತ್ತಾ ಕಾಣಲು ಸಾಧ್ಯವಾಗುವುದು ಇದರಿಂದಲೇ.

ಆದರೆ ಮಾದರಿಯ ಸ್ಥಿತಿಯೂ ಆ ಕೊಂಡಿಗೇ ಅಂಟಿಕೊಂಡಿರುತ್ತದೆ. ಸರ್ವರ್ ಪ್ರತಿ ಸಂಪರ್ಕಕ್ಕೂ ಮಾದರಿಯನ್ನು ನಡೆಸುವ ಪ್ರತ್ಯೇಕ ಎಂಜಿನ್ ಇಟ್ಟು, ಸಂಪರ್ಕ ಮುಚ್ಚಿದೊಡನೆ ಅದನ್ನು ತೆಗೆದುಹಾಕುತ್ತದೆ. ಹಾಗಾಗಿ ರಾತ್ರಿಯಿಡೀ ನಡೆಯುವ ಪರೀಕ್ಷೆಯಲ್ಲಿ ನೆಟ್‌ವರ್ಕ್ ಒಂದು ಕ್ಷಣ ಕಡಿದರೂ ಮಾದರಿಯನ್ನು ಮತ್ತೆ ಕಳಿಸಿ ಮೊದಲಿನಿಂದ ನಡೆಯಬೇಕಾಗುತ್ತದೆ. ದೀರ್ಘ ಪರೀಕ್ಷೆಗಳಲ್ಲಿ ಸೇವೆಯನ್ನು ಸ್ಕ್ರಿಪ್ಟು ಓಡುವ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದು ಈ ಕಾರಣಕ್ಕೆ ಒಳಿತು.