ಫ್ಲೂ ಟೆಸ್ಟ್‌ನಲ್ಲಿ ‘ಎ’ ಬಂದರೆ ಹಕ್ಕಿ ಜ್ವರ ಇರಬಹುದಾ?

ಓದುಗರ ಪ್ರಶ್ನೆ: ಮಗನಿಗೆ ಜ್ವರ, ಕೆಮ್ಮು ಅಂತ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಿಗೆ ತೋರಿಸಿದೆವು. ಮೂಗಿಗೆ ಕಡ್ಡಿ ಹಾಕಿ ಕಿಟ್‌ನಲ್ಲಿ ನೋಡಿ ‘ಇನ್‌ಫ್ಲುಯೆಂಜಾ ಎ ಪಾಸಿಟಿವ್’ ಎಂದರು. ನಮ್ಮ ಊರ ಪಕ್ಕದಲ್ಲೇ ಕೋಳಿ ಫಾರಂ ಇದೆ. ಹಕ್ಕಿ ಜ್ವರದ ವೈರಸ್ಸೂ ‘ಎ’ ಗುಂಪಿನದೇ ಎಂದು ಓದಿದ್ದೇನೆ. ಕಿಟ್‌ನಲ್ಲಿ ವೈರಸ್ ಗುರುತು ಹಿಡಿಯುವ ಆಂಟಿಬಾಡಿ ಇರುತ್ತದಂತೆ. ಹಾಗಿದ್ದರೆ ಇದು ಯಾವ ಫ್ಲೂ ಅಂತಲೂ ಅದಕ್ಕೆ ಗೊತ್ತಾಗಬೇಕಲ್ವಾ?

ಉತ್ತರ: ಗೊತ್ತಾಗುವುದಿಲ್ಲ. ಆ ಕಿಟ್ ಹೇಳುವುದು ‘ಎ’ ಅಥವಾ ‘ಬಿ’ ಅಂತ ಮಾತ್ರ. ಹಾಗಂತ ಗಾಬರಿ ಬೇಡ. ‘ಎ’ ಬಂದವರಲ್ಲಿ ಹೆಚ್ಚೂಕಮ್ಮಿ ಎಲ್ಲರಿಗೂ ಇರುವುದು ಪ್ರತಿವರ್ಷ ಜನರಿಂದ ಜನರಿಗೆ ಹರಡುವ ಎಚ್‌1ಎನ್‌1 ಅಥವಾ ಎಚ್‌3ಎನ್‌2. ಮನುಷ್ಯರಿಗೆ ಎಚ್‌5ಎನ್‌1, ಅಂದರೆ ಹಕ್ಕಿ ಜ್ವರ, ತಗುಲುವುದು ತೀರಾ ಅಪರೂಪ. ಭಾರತದಲ್ಲಿ ಅಂಥ ಮೊದಲ ಪ್ರಕರಣ ಪತ್ತೆಯಾಗಿದ್ದು 2021ರಲ್ಲಿ.

ಆದರೂ ನಿಮ್ಮ ಭಯ ಸುಮ್ನೆ ಬಂದಿದ್ದಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲೇ ಕೋಳಿಗಳಲ್ಲಿ ಎಚ್‌5ಎನ್‌1 ದೃಢಪಟ್ಟಿತ್ತು. ಪಕ್ಕದ ಊರಿನಲ್ಲಿ ಕೋಳಿ ಸತ್ತಿದ್ದನ್ನು ಕಂಡವರಿಗೆ ಮನೆಯ ಮಗುವಿನ ರಿಪೋರ್ಟ್‌ನಲ್ಲಿ ‘ಎ’ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಅದಕ್ಕೇ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಆಂಟಿಬಾಡಿ ವೈರಸ್ ಅನ್ನು ಗುರುತಿಸುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಅದು ವೈರಸ್ ಅನ್ನು ಇಡಿಯಾಗಿ ಗುರುತಿಸುವುದೇ ಇಲ್ಲ. ವೈರಸ್ಸಿನ ಯಾವುದೋ ಒಂದು ಪ್ರೋಟೀನಿನ ಮೇಲೆ, ಒಂದು ಸಣ್ಣ ಜಾಗವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಆಂಟಿಬಾಡಿಯೂ ಒಂದು ಪ್ರೋಟೀನ್, ಎರಡು ತೋಳು ಚಾಚಿಕೊಂಡ ಆಕಾರದ್ದು. ಪ್ರತಿ ತೋಳಿನ ತುದಿಯಲ್ಲಿ ಆರು ಸಣ್ಣ ಕುಣಿಕೆಗಳಿವೆ. ಆ ಕುಣಿಕೆಗಳ ಉಬ್ಬು ತಗ್ಗು, ವಿದ್ಯುದಂಶ, ನೀರು ಸೇರದ ಗುಣ ಒಂದೊಂದು ಆಂಟಿಬಾಡಿಯಲ್ಲಿ ಒಂದೊಂದು ಥರ.

ದ್ರವದಲ್ಲಿ ಎಲ್ಲವೂ ಸದಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಬಹಳಷ್ಟು ಡಿಕ್ಕಿಗಳಲ್ಲಿ ಏನೂ ಆಗುವುದಿಲ್ಲ. ಆದರೆ ಕುಣಿಕೆಗಳ ಆಕಾರಕ್ಕೂ ಪ್ರೋಟೀನಿನ ಆ ಜಾಗಕ್ಕೂ ಹೊಂದಿಕೆಯಾದರೆ ನಡುವಿನ ನೀರು ಹೊರಹೋಗುತ್ತದೆ. ಧನ ವಿದ್ಯುದಂಶದ ಎದುರು ಋಣ ವಿದ್ಯುದಂಶ ಬಂದು ಕೂರುತ್ತದೆ. ಹತ್ತಾರು ಸಣ್ಣ ಸೆಳೆತಗಳು ಒಟ್ಟಿಗೆ ಸೇರುತ್ತವೆ. ಒಂದೊಂದಾಗಿ ನೋಡಿದರೆ ಅವು ತೀರಾ ದುರ್ಬಲ, ಒಟ್ಟು ಸೇರಿದರೆ ಸುಲಭವಾಗಿ ಬಿಡದಷ್ಟು ಗಟ್ಟಿ. ಪ್ರೋಟೀನ್ ಎಂದರೆ ಅಮೈನೋ ಆಮ್ಲ ಎಂಬ ಸಣ್ಣ ಬಿಡಿಭಾಗಗಳನ್ನು ಪೋಣಿಸಿದ ಎಳೆ. ಈ ಹಿಡಿತದಲ್ಲಿ ಎರಡೂ ಕಡೆ ಸುಮಾರು 15ರಿಂದ 20 ಅಮೈನೋ ಆಮ್ಲಗಳು ಪಾಲ್ಗೊಳ್ಳುತ್ತವೆ. ಫ್ಲೂ ವೈರಸ್ಸಿನ ಮೇಲ್ಮೈಯ ಹೀಮಾಗ್ಲುಟಿನಿನ್ ಎಂಬ ಪ್ರೋಟೀನಿನ ಒಂದು ಎಳೆಯಲ್ಲೇ ಸುಮಾರು 550 ಅಮೈನೋ ಆಮ್ಲಗಳಿವೆ. ಅಂದರೆ ಆಂಟಿಬಾಡಿ ಮುಟ್ಟುವುದು ಅದರ ಒಂದು ಮೂಲೆಯನ್ನು ಮಾತ್ರ. ಉಳಿದ ಭಾಗ ಹೇಗೆಯೇ ಇರಲಿ, ಅದಕ್ಕೆ ಸಂಬಂಧವಿಲ್ಲ.

ಇನ್ನೊಂದು ವಿಷಯ. ಪ್ರೋಟೀನಿನ ಎಳೆ ಮಡಚಿಕೊಂಡಾಗ ದೂರದೂರದ ಅಮೈನೋ ಆಮ್ಲಗಳು ಅಕ್ಕಪಕ್ಕ ಬರುತ್ತವೆ. ಎಷ್ಟೋ ಆಂಟಿಬಾಡಿಗಳು ಹಿಡಿಯುವುದು ಹಾಗೆ ಕೂಡಿಬಂದ ಜಾಗವನ್ನೇ. ಬಿಸಿ ಮಾಡಿದರೆ ಮಡಿಕೆ ಬಿಚ್ಚಿಹೋಗುತ್ತದೆ, ಹಿಡಿಯುವ ಜಾಗವೇ ಇಲ್ಲವಾಗುತ್ತದೆ. ಬಿಸಿಗೆ ವೈರಸ್ಸೂ ಬದುಕುವುದಿಲ್ಲ. ಕೋಳಿ ಮಾಂಸ, ಮೊಟ್ಟೆ ಒಳಗಿನ ತನಕ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ. ನಮ್ಮ ಮನೆಗಳಲ್ಲಿ ಕೋಳಿ ಸಾರು ಕುದಿಯುವ ಬಗೆ ನೋಡಿದರೆ ಈ ವಿಷಯದಲ್ಲಿ ಚಿಂತೆ ಬೇಕಿಲ್ಲ.

ನಮ್ಮ ರಕ್ತದಲ್ಲಿ ಬೇರೆಬೇರೆ ಜಾಗ ಹಿಡಿಯುವ ಸಾವಿರಾರು ಬಗೆಯ ಆಂಟಿಬಾಡಿಗಳು ಬೆರೆತಿರುತ್ತವೆ. ಕಿಟ್ ಮಾಡುವವರಿಗೆ ಈ ಬೆರಕೆ ಉಪಯೋಗವಿಲ್ಲ. ಅವರಿಗೆ ಬೇಕಿರುವುದು ಒಂದೇ ಜಾಗ ಹಿಡಿಯುವ, ಎಷ್ಟು ತಯಾರಿಸಿದರೂ ಒಂದೇ ಥರ ಇರುವ ಆಂಟಿಬಾಡಿ. ಇದೇ ಮೋನೋಕ್ಲೋನಲ್ ಆಂಟಿಬಾಡಿ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇದರ ದಾರಿ ಕಂಡುಕೊಂಡರು. ಇಲಿಯ ಗುಲ್ಮದಿಂದ ತೆಗೆದ, ಆಂಟಿಬಾಡಿ ತಯಾರಿಸುವ ಬಿ ಕೋಶವನ್ನು ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಒಂದು ಬಿ ಕೋಶ ಒಂದೇ ಬಗೆಯ ಆಂಟಿಬಾಡಿ ಮಾಡುತ್ತದೆ. ಕ್ಯಾನ್ಸರ್ ಕೋಶ ಸಾಯದೆ ಬೆಳೆಯುತ್ತಲೇ ಇರುತ್ತದೆ. ಎರಡೂ ಸೇರಿದ ಕೋಶ ಅದೇ ಆಂಟಿಬಾಡಿಯನ್ನು ಬೇಕಾದಷ್ಟು ದಿನ ಕೊಡುತ್ತದೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆದಿರಲಿಲ್ಲ. ಅದು ಬೇಗನೆ ಜಗತ್ತಿನ ಲ್ಯಾಬ್‌ಗಳಿಗೆಲ್ಲ ತಲುಪಿತು. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆಗಳಲ್ಲಿ ಇದೂ ಒಂದು.

ಈಗ ಫ್ಲೂ ವೈರಸ್ಸಿಗೆ ಬರೋಣ. ‘ಎಚ್’ ಎಂದರೆ ಆಗಲೇ ಹೇಳಿದ ಹೀಮಾಗ್ಲುಟಿನಿನ್, ‘ಎನ್’ ಎಂದರೆ ನ್ಯೂರಮಿನಿಡೇಸ್. ಎರಡೂ ವೈರಸ್ಸಿನ ಮೇಲ್ಮೈಯಲ್ಲಿ ಚಾಚಿಕೊಂಡಿರುತ್ತವೆ. ಹೀಮಾಗ್ಲುಟಿನಿನ್ ನೋಡಲು ರಾಗಿ ಪೈರಿನ ಹಾಗೆ, ಕೆಳಗೆ ದಂಟು, ಮೇಲೆ ತೆನೆ. ತೆನೆಯ ಭಾಗದಲ್ಲಿರುವ ಒಂದು ಗುಳಿಯಿಂದ ಅದು ನಮ್ಮ ಗಂಟಲು, ಶ್ವಾಸನಾಳದ ಕೋಶಗಳಿಗೆ ಅಂಟಿಕೊಳ್ಳುತ್ತದೆ. ದಂಟಿನ ಭಾಗ ವೈರಸ್ಸಿನ ಪೊರೆಯನ್ನು ಕೋಶದ ಪೊರೆಗೆ ಬೆಸೆಯುತ್ತದೆ.

ಆ ಗುಳಿಯ ಸುತ್ತ ಆಂಟಿಬಾಡಿ ಬಂದು ಕೂತರೆ ವೈರಸ್ಸಿಗೆ ಅಂಟಿಕೊಳ್ಳಲು ಆಗುವುದಿಲ್ಲ. ಹಾಗಾಗಿ ನಮ್ಮ ದೇಹ ಮಾಡುವ ಬಲವಾದ ಆಂಟಿಬಾಡಿಗಳಲ್ಲಿ ಜಾಸ್ತಿ ಪಾಲು ತೆನೆಯನ್ನು ಹಿಡಿಯುವಂಥವು. ವೈರಸ್ಸಿನ ಬದಲಾವಣೆಯೂ ಅಲ್ಲೇ ಜಾಸ್ತಿ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದೇ ಮೋನೋಕ್ಲೋನಲ್ ಆಂಟಿಬಾಡಿಗಳು. ಅಮೆರಿಕದ ವಿಸ್ಟಾರ್ ಇನ್‌ಸ್ಟಿಟ್ಯೂಟ್‌ನಲ್ಲಿ ವಾಲ್ಟರ್ ಗೆರ್ಹಾರ್ಡ್ ಮತ್ತು ಅವರ ಜೊತೆಗಾರರು ಒಂದೇ ಒಂದು ಆಂಟಿಬಾಡಿಯ ಜೊತೆ ವೈರಸ್ ಬೆಳೆಸಿದರು. ಹೆಚ್ಚಿನವು ಸೋಂಕು ಹರಡಲಾರದೆ ಉಳಿದವು, ಅಪರೂಪಕ್ಕೆ ಕೆಲವು ತಪ್ಪಿಸಿಕೊಂಡವು. ಹಾಗೆ ತಪ್ಪಿಸಿಕೊಂಡವುಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಧನ ವಿದ್ಯುದಂಶ ಇದ್ದ ಕಡೆ ಋಣ ವಿದ್ಯುದಂಶ ಬಂದರೆ ಸಾಕು, ಸೆಳೆಯುತ್ತಿದ್ದದ್ದು ದೂರ ತಳ್ಳುತ್ತದೆ. ಬದಲಾದ ಜಾಗ ಯಾವುದೋ, ಆ ಆಂಟಿಬಾಡಿ ಹಿಡಿಯುತ್ತಿದ್ದದ್ದೂ ಅಲ್ಲೇ ಎಂದು ತಿಳಿಯುತ್ತಿತ್ತು. ಹೀಗೆ ಒಂದೊಂದೇ ಆಂಟಿಬಾಡಿ ಬಳಸಿ ಎಚ್‌1ರ ತೆನೆಯ ಮೇಲೆ ಐದು ಮುಖ್ಯ ಜಾಗಗಳನ್ನು ಗುರುತಿಸಿದರು. 1981ರಲ್ಲಿ ಎಚ್‌3 ಹೀಮಾಗ್ಲುಟಿನಿನ್‌ನ ಪೂರ್ತಿ ಆಕಾರ ಎಕ್ಸ್‌-ರೇ ವಿಧಾನದಿಂದ ಸಿಕ್ಕಿತು. ಬದಲಾಗುವ ಜಾಗಗಳು ತೆನೆಯ ಮೇಲ್ಮೈಯಲ್ಲಿ, ಆ ಗುಳಿಯ ಆಸುಪಾಸಿನಲ್ಲಿ ಇರುವುದು ಆಗ ನೇರವಾಗಿ ಕಂಡಿತು.

ಫ್ಲೂ ಲಸಿಕೆಯಲ್ಲಿ ಹಾಕುವ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಮತ್ತೆ ನೋಡಿ ಹೇಳಬೇಕಾಗಿರುವುದು ಈ ತೆನೆಯ ಬದಲಾವಣೆಯಿಂದಲೇ.

ಹಾಗಿದ್ದರೆ ಕಿಟ್ ಪ್ರತಿವರ್ಷ ಕೆಲಸಕ್ಕೆ ಬಾರದೆ ಹೋಗಬೇಕಿತ್ತಲ್ಲ? ಹೋಗುವುದಿಲ್ಲ, ಏಕೆಂದರೆ ಅದು ತೆನೆಯ ತಂಟೆಗೇ ಹೋಗುವುದಿಲ್ಲ. ಇಂಥ ಕಿಟ್‌ಗಳಲ್ಲಿರುವ ಆಂಟಿಬಾಡಿಗಳು ಹಿಡಿಯುವುದು ವೈರಸ್ಸಿನ ಒಳಗಿರುವ ನ್ಯೂಕ್ಲಿಯೋಪ್ರೋಟೀನನ್ನು. ವೈರಸ್ಸಿನ ಎಂಟು ತುಂಡು ಆರ್‌ಎನ್‌ಎಗೆ ಸುತ್ತಿಕೊಂಡಿರುವ ಪ್ರೋಟೀನ್ ಅದು. ಇಡೀ ವೈರಸ್ ಮೇಲೆ ಎಗರುವ ಆಂಟಿಬಾಡಿಗಳಿಗೆ ಅದು ಸಿಗುವುದಿಲ್ಲ. ಅದರ ಕೆಲಸವೂ ಜಾಸ್ತಿ ಬದಲಾವಣೆಗೆ ಅವಕಾಶ ಕೊಡುವಂಥದ್ದಲ್ಲ. ಹಾಗಾಗಿ ‘ಎ’ ಗುಂಪಿನ ಎಲ್ಲ ವೈರಸ್‌ಗಳಲ್ಲೂ ಅದು ಹೆಚ್ಚೂಕಮ್ಮಿ ಒಂದೇ ಥರ ಇದೆ. ‘ಬಿ’ ಗುಂಪಿನಲ್ಲಿ ಮಾತ್ರ ಸಾಕಷ್ಟು ಬೇರೆ.

ಕಡ್ಡಿಯನ್ನು ಅದ್ದುವ ದ್ರವ ವೈರಸ್ಸಿನ ಪೊರೆಯನ್ನು ಒಡೆದು ಈ ಪ್ರೋಟೀನನ್ನು ಹೊರಗೆ ತರುತ್ತದೆ. ದ್ರವ ಪಟ್ಟಿಯ ಮೇಲೆ ಹರಿಯುವಾಗ ಬಣ್ಣದ ಕಣ ಕಟ್ಟಿದ ಒಂದು ಆಂಟಿಬಾಡಿ ಅದರ ಒಂದು ಜಾಗವನ್ನು ಹಿಡಿಯುತ್ತದೆ. ಮುಂದೆ ಗೆರೆಯಲ್ಲಿ ಕೂತಿರುವ ಎರಡನೇ ಆಂಟಿಬಾಡಿ ಅದೇ ಪ್ರೋಟೀನಿನ ಇನ್ನೊಂದು ಜಾಗವನ್ನು ಹಿಡಿದು ಅಲ್ಲೇ ನಿಲ್ಲಿಸುತ್ತದೆ. ಬಣ್ಣ ಅಲ್ಲಿ ಗುಡ್ಡೆಯಾಗುತ್ತದೆ, ಗೆರೆ ಕಾಣುತ್ತದೆ. ನಿಮ್ಮ ಮಗನ ಟೆಸ್ಟ್‌ನಲ್ಲಿ ಆಗಿದ್ದು ಇದೇ. ಎಚ್‌1, ಎಚ್‌3, ಎಚ್‌5 ಮೂರರಲ್ಲೂ ಆ ಜಾಗಗಳು ಒಂದೇ ಥರ ಇರುವಾಗ ಆಂಟಿಬಾಡಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಎಚ್‌5ರ ತೆನೆಯನ್ನೇ ಹಿಡಿಯುವ ಮೋನೋಕ್ಲೋನಲ್‌ಗಳೂ ಇವೆ. ಆದರೆ ಕ್ಲಿನಿಕ್‌ನ ಮಾಮೂಲಿ ಕಿಟ್‌ನಲ್ಲಿ ಅವನ್ನು ಇಟ್ಟಿರುವುದಿಲ್ಲ. ಎಚ್ ಯಾವುದು ಎಂದು ತಿಳಿಯಲು ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಅದು ಪ್ರೋಟೀನನ್ನು ಬಿಟ್ಟು ಜೀನ್‌ನಲ್ಲೇ ಹುಡುಕುತ್ತದೆ. ಕೋಳಿಗಳ ಸ್ಯಾಂಪಲ್ ಭೋಪಾಲ್‌ನಲ್ಲಿರುವ ರಾಷ್ಟ್ರೀಯ ಮಟ್ಟದ ಪ್ರಾಣಿರೋಗ ಲ್ಯಾಬ್‌ಗೆ ಹೋಗುತ್ತದೆ.

ಬದಲಾಗದ ಜಾಗವನ್ನು ಹಿಡಿಯುವ ಆಂಟಿಬಾಡಿಯನ್ನೇ ಔಷಧಿ ಮಾಡಬಾರದಾ ಎಂದು ಕೇಳಬಹುದು. ನ್ಯೂಕ್ಲಿಯೋಪ್ರೋಟೀನ್ ಒಳಗಿರುವುದರಿಂದ ಅದನ್ನು ಹಿಡಿದರೆ ವೈರಸ್ ಕೋಶಕ್ಕೆ ನುಗ್ಗುವುದು ನಿಲ್ಲುವುದಿಲ್ಲ. ಹೀಮಾಗ್ಲುಟಿನಿನ್‌ನ ದಂಟು ಹೊರಗಿದೆ, ಬದಲಾವಣೆಯೂ ಕಮ್ಮಿ. ದಂಟು ಹಿಡಿಯುವ ಸಿಆರ್‌9114 ಎಂಬ ಆಂಟಿಬಾಡಿ ‘ಎ’, ‘ಬಿ’ ಎರಡೂ ಗುಂಪಿನ ವೈರಸ್‌ಗಳನ್ನು ಹಿಡಿಯುತ್ತದೆ ಎಂದು 2012ರಲ್ಲಿ ಪ್ರಕಟವಾದಾಗ ಸಂಶೋಧಕರಿಗೆ ದೊಡ್ಡ ಆಸೆ ಮೂಡಿತ್ತು. ಆದರೆ ದಂಟು ಹಿಡಿಯುವ ಇನ್ನೊಂದು ಆಂಟಿಬಾಡಿಯನ್ನು ಮುಂಜಾಗ್ರತೆಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2023ರಲ್ಲಿ ಅಂದುಕೊಂಡ ಫಲ ಕೊಡಲಿಲ್ಲ. ಕೆಲಸ ಮುಂದುವರಿದಿದೆ, ನನಗಂತೂ ಭರವಸೆ ಇದೆ.

ಇನ್ನು ನೀವು ಮಾಡಬೇಕಾದ್ದು. ಕಳೆದ ಹತ್ತು ದಿನದಲ್ಲಿ ಮಗ ಕಾಯಿಲೆ ಬಿದ್ದ ಅಥವಾ ಸತ್ತ ಕೋಳಿಯನ್ನು ಮುಟ್ಟಿದ್ದನಾ, ಫಾರಂ ಒಳಗೆ ಹೋಗಿದ್ದನಾ ಎಂದು ಕೇಳಿ. ಹೌದಾದರೆ ಡಾಕ್ಟರಿಗೆ ಈಗಲೇ ಹೇಳಿ, ಕಿಟ್ ಸಾಲದು, ಎಚ್ ಯಾವುದೆಂದು ನೋಡುವ ಪಿಸಿಆರ್ ಬೇಕಾಗುತ್ತದೆ. ಕಿಟ್ ‘ನೆಗೆಟಿವ್’ ತೋರಿಸಿದ್ದರೂ ಇದೇ ಮಾತು, ಏಕೆಂದರೆ ಪ್ರೋಟೀನ್ ಕಮ್ಮಿ ಇದ್ದರೆ ಗೆರೆ ಮೂಡುವುದಿಲ್ಲ. ಉಸಿರಾಟ ಕಷ್ಟವಾದರೆ, ಮಗು ತೀರಾ ಮಂಕಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಕ್ಕಿ ಜ್ವರದ ಅನುಮಾನ ಇದ್ದಾಗ ವೈದ್ಯರು ರಿಪೋರ್ಟ್ ಬರುವ ತನಕ ಕಾಯುವುದಿಲ್ಲ, ಓಸೆಲ್ಟಾಮಿವಿರ್ ಶುರು ಮಾಡುತ್ತಾರೆ. ಆ ಔಷಧಿ ತಡೆಯುವುದು ನ್ಯೂರಮಿನಿಡೇಸ್ ಅನ್ನು, ಮಾಮೂಲಿ ಫ್ಲೂಗೂ ಹಕ್ಕಿ ಜ್ವರಕ್ಕೂ ಕೊಡುವುದು ಅದನ್ನೇ.