ಸ್ಪೈಡರ್‌ಮ್ಯಾನ್ 3 ಎಡವಿದ್ದು ಎಲ್ಲಿ? ಚಿತ್ರಕಥೆ ಕಲಿಯುವವರಿಗೆ ಒಂದು ಟಿಪ್ಪಣಿ

ಸ್ಯಾಮ್ ರೈಮಿ ನಿರ್ದೇಶಿಸಿದ ಮೂರು ಸ್ಪೈಡರ್‌ಮ್ಯಾನ್ ಚಿತ್ರಗಳು 2002, 2004 ಮತ್ತು 2007ರಲ್ಲಿ ಬಂದವು. ಮೂರರಲ್ಲೂ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್ ಆಗಿದ್ದವರು ಟೋಬಿ ಮ್ಯಾಗ್ವೈರ್. ಎರಡನೇ ಭಾಗದ ಚಿತ್ರಕಥೆ ಬರೆದ ಆಲ್ವಿನ್ ಸಾರ್ಜೆಂಟ್ ಮೂರನೇ ಭಾಗದ ಬರವಣಿಗೆಯಲ್ಲೂ ಇದ್ದರು. ಖರ್ಚು 25 ಕೋಟಿ ಡಾಲರ್ ದಾಟಿತ್ತು. ಗಳಿಕೆ ಸುಮಾರು 89 ಕೋಟಿ ಡಾಲರ್, ಅಂದರೆ ಮೂರರಲ್ಲಿ ಅತಿ ಹೆಚ್ಚು. ಆದರೂ ನೋಡಿದವರಿಗೆ ತೃಪ್ತಿಯಾಗಲಿಲ್ಲ. ಎಲ್ಲ ಪಾತ್ರಗಳ ಮೇಲೂ ತನಗೆ ನಂಬಿಕೆ ಇರಲಿಲ್ಲ ಅಂತ ರೈಮಿಯೇ ಮುಂದೆ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡರು.

ಯಾಕೆ ಹೀಗಾಯಿತು ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ವಿಲನ್‌ಗಳು ಜಾಸ್ತಿ ಆದರು. ಮೈಯೆಲ್ಲ ಮರಳಾದ ಸ್ಯಾಂಡ್‌ಮ್ಯಾನ್, ತನ್ನ ತಂದೆಯನ್ನು ಸ್ಪೈಡರ್‌ಮ್ಯಾನ್ ಕೊಂದ ಅಂತ ನಂಬಿದ ಪೀಟರ್ ಗೆಳೆಯ ಹ್ಯಾರಿ, ಕಪ್ಪು ಜೀವಿ ಮೈಗೆ ಅಂಟಿದ ವೆನಮ್, ಮೂರು ಜನ. ಇದು ಅರ್ಧ ಉತ್ತರ ಅಷ್ಟೇ. ನಾಯಕ ಮಾಡಿದ ಕೆಲಸದ ಫಲವಾಗಿ ಬಂದ ವಿಲನ್‌ಗಳಾದರೆ ಮೂವರಿದ್ದರೂ ಕಥೆ ತಡೆದುಕೊಳ್ಳುತ್ತದೆ. ಹಾಗಾಗಿ ಎಷ್ಟು ಜನ ಅಂತ ಎಣಿಸುವುದನ್ನು ಬಿಟ್ಟು, ಪ್ರತಿ ತಿರುವಿನಲ್ಲೂ ಒಂದು ಪ್ರಶ್ನೆ ಕೇಳಿ: ಇದು ಯಾರು ಮಾಡಿದ್ದರಿಂದ ಆಯಿತು?

ಮೊದಲು ಎರಡನೇ ಭಾಗಕ್ಕೆ ಈ ಪ್ರಶ್ನೆ ಹಾಕಿ ನೋಡೋಣ. ಪೀಟರ್‌ಗೆ ಒಂದೇ ಸಂಕಟ: ಊರು ಕಾಯುತ್ತಾ ಹೋದರೆ ತನ್ನ ಬದುಕು ಉಳಿಯುವುದಿಲ್ಲ. ಪಿಜ್ಜಾ ಕೊಡುವ ಕೆಲಸ ಹೋಗುತ್ತದೆ, ಕಾಲೇಜಿನಲ್ಲಿ ಹಿಂದೆ ಬೀಳುತ್ತಾನೆ, ತಾನು ಪ್ರೀತಿಸುವ ಮೇರಿ ಜೇನ್ ನಾಟಕಕ್ಕೆ ಸಮಯಕ್ಕೆ ಸರಿಯಾಗಿ ಹೋಗಲು ಆಗುವುದಿಲ್ಲ. ಮನಸ್ಸು ಕುಗ್ಗಿದಂತೆ ಕೈಯಿಂದ ಬಲೆ ಬರುವುದೂ ನಿಲ್ಲುತ್ತದೆ. ವೇಷವನ್ನು ಕಸದ ಡಬ್ಬಕ್ಕೆ ಹಾಕುತ್ತಾನೆ. ಆಮೇಲೆ ಒಂದು ಕಟ್ಟಡಕ್ಕೆ ಬೆಂಕಿ ಬೀಳುತ್ತದೆ. ಶಕ್ತಿ ಇಲ್ಲದಿದ್ದರೂ ಒಳಗೆ ನುಗ್ಗಿ ಒಂದು ಮಗುವನ್ನು ಹೊರಗೆ ತರುತ್ತಾನೆ. ಆದರೆ ಮೇಲಿನ ಮಹಡಿಯಲ್ಲಿ ಇನ್ನೊಬ್ಬರು ಸಿಕ್ಕಿಕೊಂಡು ಸತ್ತರು ಅಂತ ಅಲ್ಲೇ ಅವನ ಕಿವಿಗೆ ಬೀಳುತ್ತದೆ. ವೇಷ ಬಿಟ್ಟದ್ದಕ್ಕೆ ಎಷ್ಟು ಬೆಲೆ ತೆರಬೇಕು ಅಂತ ಅವನಿಗೆ ಆಗ ಗೊತ್ತಾಗುತ್ತದೆ. ಯಾರೂ ಭಾಷಣ ಮಾಡಬೇಕಾಗಿಲ್ಲ.

ವಿಲನ್ ಕಡೆಯಿಂದ ನೋಡಿದರೂ ಹಾಗೆಯೇ. ವಿಜ್ಞಾನಿ ಡಾಕ್ಟರ್ ಆಕ್ಟೇವಿಯಸ್‌ಗೆ ತನ್ನ ಯಂತ್ರಕ್ಕೆ ಟ್ರಿಟಿಯಂ ಅನ್ನುವ ಇಂಧನ ಬೇಕು. ಅದು ಇರುವುದು ಹ್ಯಾರಿ ಹತ್ತಿರ. ಹ್ಯಾರಿಗೆ ಸ್ಪೈಡರ್‌ಮ್ಯಾನ್ ಬೇಕು, ಅವನ ಫೋಟೋ ತೆಗೆಯುವವನು ಪೀಟರ್ ಅಂತ ಹೇಳಿ ಕಳಿಸುತ್ತಾನೆ. ಹೀಗಾಗಿ ಆಕ್ಟೇವಿಯಸ್ ಹೋಟೆಲಿನ ಗಾಜು ಒಡೆದು ಒಳಗೆ ಬರುವಾಗ ಅದು ಎಲ್ಲಿಂದಲೋ ಬಂದ ಹೊಡೆದಾಟ ಅನಿಸುವುದಿಲ್ಲ. ಓಡುವ ರೈಲನ್ನು ಪೀಟರ್ ತಡೆದು ನಿಲ್ಲಿಸುವ ದೃಶ್ಯ ಅಷ್ಟು ತಟ್ಟುವುದೂ ಇದಕ್ಕೇ. ಮುಖವಾಡ ಇಲ್ಲದೆ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ಕೈಮೇಲೆ ಹೊತ್ತು ಒಳಗೆ ಮಲಗಿಸುತ್ತಾರೆ. ಇವನು ನನ್ನ ಮಗನಿಗಿಂತ ದೊಡ್ಡವನಲ್ಲ ಅಂತಾನೆ ಒಬ್ಬ. ಚಿತ್ರದುದ್ದಕ್ಕೂ ಒಬ್ಬನೇ ಭಾರ ಹೊತ್ತವನನ್ನು ಇಲ್ಲಿ ಬೇರೆಯವರು ಹೊರುತ್ತಾರೆ. ನನ್ನ ಪ್ರಕಾರ ಸೂಪರ್‌ಹೀರೋ ಚಿತ್ರಗಳಲ್ಲೇ ಇದಕ್ಕಿಂತ ಒಳ್ಳೆಯ ದೃಶ್ಯ ಬಂದಿಲ್ಲ.

ಈಗ ಮೂರನೇದು. ಪೀಟರ್ ಮತ್ತು ಮೇರಿ ಜೇನ್ ಕೂತಿದ್ದ ಜಾಗದ ಪಕ್ಕದಲ್ಲೇ ಉಲ್ಕೆ ಬೀಳುತ್ತದೆ. ಅದರಲ್ಲಿದ್ದ ಕಪ್ಪು ಜೀವಿ ಅವನ ಬೈಕಿಗೇ ಅಂಟಿಕೊಳ್ಳುತ್ತದೆ, ಮುಂದೆ ಅದೇ ಅವನ ಕಪ್ಪು ವೇಷವಾಗುತ್ತದೆ. ಜೈಲಿಂದ ತಪ್ಪಿಸಿಕೊಂಡ ಫ್ಲಿಂಟ್ ಮಾರ್ಕೊ ಓಡುತ್ತಾ ಒಂದು ಪ್ರಯೋಗದ ಗುಂಡಿಗೆ ಬೀಳುತ್ತಾನೆ, ಅದೇ ಕ್ಷಣಕ್ಕೆ ಪ್ರಯೋಗ ಶುರುವಾಗುತ್ತದೆ. ಗುಂಡಿಯಲ್ಲಿ ಯಾವುದೋ ಹಕ್ಕಿ ಇರಬೇಕು ಅಂದುಕೊಂಡು ವಿಜ್ಞಾನಿಗಳು ಸ್ವಿಚ್ ಒತ್ತುತ್ತಾರೆ, ಮಾರ್ಕೊ ಸ್ಯಾಂಡ್‌ಮ್ಯಾನ್ ಆಗುತ್ತಾನೆ. ಹ್ಯಾರಿಗೆ ತಲೆಗೆ ಪೆಟ್ಟು ಬಿದ್ದು ಹಿಂದಿನದು ಮರೆತುಹೋಗುತ್ತದೆ, ಕಥೆಗೆ ಬೇಕಾದಾಗ ನೆನಪು ವಾಪಸ್ ಬರುತ್ತದೆ. ಪೀಟರ್ ಚರ್ಚಿನ ಗಂಟೆಗೋಪುರದಲ್ಲಿ ಕಪ್ಪು ವೇಷ ಕಿತ್ತೊಗೆಯುವ ಹೊತ್ತಿಗೆ ಎಡ್ಡಿ ಬ್ರಾಕ್ ಅದೇ ಚರ್ಚಿನಲ್ಲಿ ಪೀಟರ್‌ನನ್ನು ಸಾಯಿಸು ಅಂತ ದೇವರನ್ನು ಕೇಳುತ್ತಿರುತ್ತಾನೆ, ಆ ವೇಷ ಮೈಗೆ ಅಂಟಿ ವೆನಮ್ ಆಗುತ್ತಾನೆ. ಕೊನೆಗೆ ಹ್ಯಾರಿ ಮನೆಯ ಬಟ್ಲರ್ ಬಂದು ನಿಮ್ಮ ತಂದೆ ಸತ್ತದ್ದು ಅವರದೇ ಆಯುಧದಿಂದ ಅನ್ನುತ್ತಾನೆ, ಹ್ಯಾರಿಯ ವರ್ಷಗಳ ಸಿಟ್ಟು ಅಲ್ಲೇ ಕರಗುತ್ತದೆ. ಇಷ್ಟು ದಿನ ಆತ ಯಾಕೆ ಸುಮ್ಮನಿದ್ದ?

ಕಥೆ ಶುರುವಾಗಲು ಒಂದು ಆಕಸ್ಮಿಕ ಇದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲ ಭಾಗದಲ್ಲಿ ಜೇಡ ಕಚ್ಚಿದ್ದೂ ಆಕಸ್ಮಿಕವೇ ಅಲ್ವಾ? ಆದರೆ ತಿರುವಿಗೊಂದು ಆಕಸ್ಮಿಕ ಬಂದರೆ ನಾಯಕನ ನಿರ್ಧಾರಕ್ಕೆ ಬೆಲೆ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪೀಟರ್‌ನನ್ನು ಸಾಕಿದ ಅಂಕಲ್ ಬೆನ್ ಸಾವಿನ ವಿಷಯದಲ್ಲಿ. ಮೊದಲ ಭಾಗದಲ್ಲಿ ಪೀಟರ್ ಸಿಟ್ಟಿನಿಂದ ಒಬ್ಬ ಕಳ್ಳನನ್ನು ಬೇಕಂತಲೇ ಓಡಲು ಬಿಡುತ್ತಾನೆ. ಆ ಕಳ್ಳನೇ ಬೆನ್ ಅವರನ್ನು ಕೊಂದ ಅಂತ ತಿಳಿದಾಗ ಅವನೊಳಗೆ ಹುಟ್ಟುವ ತಪ್ಪಿತಸ್ಥ ಭಾವವೇ ಅವನನ್ನು ಸ್ಪೈಡರ್‌ಮ್ಯಾನ್ ಮಾಡುತ್ತದೆ. ಎರಡನೇ ಭಾಗದಲ್ಲಿ ಬೆನ್ ಹೆಂಡತಿ ಮೇ ಮುಂದೆ ಕೂತು ಅವನು ಇದನ್ನು ಬಾಯಿಬಿಟ್ಟು ಹೇಳುವ ದೃಶ್ಯವೂ ಇದೆ. ಮೂರನೇ ಭಾಗ ಬಂದು, ಗುಂಡು ಹಾರಿಸಿದ್ದು ಮಾರ್ಕೊ ಅನ್ನುತ್ತದೆ. ಓಡಿ ಬಂದ ಕಳ್ಳ ಕೈ ಹಿಡಿದಾಗ ಬಂದೂಕು ಸಿಡಿಯಿತಂತೆ. ಪೀಟರ್ ಕಳ್ಳನನ್ನು ಬಿಟ್ಟದ್ದು ಹಾಗೇ ಉಳಿಯುತ್ತದೆ ನಿಜ, ಆದರೆ ಅದರ ತೂಕ ಕಡಿಮೆಯಾಗುತ್ತದೆ. ಎರಡು ಚಿತ್ರಗಳು ನಿಂತಿದ್ದ ಅಡಿಪಾಯವನ್ನೇ ಕೆದಕಿದ್ದಾರೆ. ಮುಂದಿನ ಭಾಗ ಬರೆಯುವಾಗ ಹಳೆಯ ಕಥೆಗೆ ಹೊಸ ಸಂಗತಿ ಸೇರಿಸಬಹುದು. ನಾಯಕ ಅನುಭವಿಸಿದ ನೋವನ್ನು ಮಾತ್ರ ಹಗುರ ಮಾಡಬಾರದು.

ಬೇಜಾರು ಏನೆಂದರೆ, ಈ ಚಿತ್ರದೊಳಗೆ ಒಂದು ಒಳ್ಳೆಯ ಚಿತ್ರ ಇದೆ. ಸ್ಯಾಂಡ್‌ಮ್ಯಾನ್ ಹುಟ್ಟುವ ದೃಶ್ಯ ನೋಡಿ. ಮರಳಿನ ಗುಡ್ಡೆ ಅಲುಗುತ್ತದೆ, ಆಕಾರ ಏಳುತ್ತದೆ, ಕುಸಿಯುತ್ತದೆ, ಮತ್ತೆ ಏಳುತ್ತದೆ. ಮಾತೇ ಇಲ್ಲ, ಕ್ರಿಸ್ಟೋಫರ್ ಯಂಗ್ ಅವರ ಸಂಗೀತ ಮಾತ್ರ. ಮಗಳ ಫೋಟೋ ಇರುವ ಲಾಕೆಟ್ ಎತ್ತಿಕೊಳ್ಳಲು ಹೋಗುತ್ತಾನೆ, ತಾಗಿದ ಕೂಡಲೇ ಬೆರಳುಗಳು ಪುಡಿಯಾಗಿ ಉದುರುತ್ತವೆ. ಅವನಿಗೆ ಏನು ಬೇಕು, ಅದಕ್ಕೆ ಏನು ಅಡ್ಡಿ, ಎರಡೂ ಒಂದೇ ಕೈಯಲ್ಲಿ ಕಾಣುತ್ತವೆ. ಆದರೆ ಕಾಯಿಲೆಯ ಆ ಮಗಳು ಆಮೇಲೆ ಕಥೆಯಿಂದಲೇ ಮಾಯವಾಗುತ್ತಾಳೆ. ಕೊನೆಯಲ್ಲಿ ಪೀಟರ್ ಅವನನ್ನು ಕ್ಷಮಿಸುತ್ತಾನೆ, ಅವನು ಗಾಳಿಯಲ್ಲಿ ತೇಲಿ ಹೋಗುತ್ತಾನೆ. ಮಗಳ ಗತಿ?

ಅವಳಿಗೆ ಸಿಗಬೇಕಾದ ಸಮಯವನ್ನು ತಿಂದದ್ದು ವೆನಮ್. ಈ ಪಾತ್ರ ಇರಲಿ ಅಂತ ನಿರ್ಮಾಪಕ ಅವಿ ಅರಾದ್ ಒತ್ತಾಯಿಸಿದ್ದರು, ಅಭಿಮಾನಿಗಳಿಗೆ ಬೇಕಾದ ಪಾತ್ರ ಅನ್ನುವುದು ಅವರ ವಾದ. ವಾದದಲ್ಲಿ ತಪ್ಪಿಲ್ಲ. ಎಡ್ಡಿ ಕೂಡ ಕೆಟ್ಟ ಪಾತ್ರವಲ್ಲ. ಅವನೂ ಫೋಟೋಗ್ರಾಫರ್, ಅವನ ನಕಲಿ ಫೋಟೋವನ್ನು ಪೀಟರ್ ಬಯಲು ಮಾಡಿ ಅವಮಾನ ಮಾಡುತ್ತಾನೆ, ಅಂದರೆ ದ್ವೇಷಕ್ಕೆ ಕಾರಣ ಪೀಟರ್ ಕೈಯಲ್ಲೇ ಇದೆ. ಇಡೀ ಚಿತ್ರಕ್ಕೆ ಸಾಕಾಗುವ ಬೀಜ ಇದು. ಅದನ್ನು ಕೊನೆಯ ಭಾಗಕ್ಕೆ ತುರುಕಿದ್ದಾರೆ. ವೆನಮ್ ಸ್ಯಾಂಡ್‌ಮ್ಯಾನ್‌ನನ್ನು ಗಲ್ಲಿಯಲ್ಲಿ ಹಿಡಿದು ನಿಲ್ಲಿಸಿ ನಾಲ್ಕು ಮಾತಲ್ಲಿ ಒಪ್ಪಂದ ಮುಗಿಸುತ್ತಾನೆ.

ಕಪ್ಪು ವೇಷದ ಪ್ರಭಾವದಲ್ಲಿ ಪೀಟರ್ ಬೀದಿಯಲ್ಲಿ ಕುಣಿಯುವ ದೃಶ್ಯವನ್ನು ಜನ ಸುಮ್ನೆ ಬೈಯುತ್ತಾರೆ ಅಂತ ನನಗೆ ಅನಿಸುತ್ತದೆ. ಗತ್ತು ಅಂದರೇನು ಅಂತ ಗೊತ್ತಿಲ್ಲದ ಹುಡುಗ ಗತ್ತು ತೋರಿಸಲು ಹೋದರೆ ಹಾಗೇ ಕಾಣುತ್ತಾನೆ, ಹೆಂಗಸರು ಮುಖ ಸಿಂಡರಿಸುವುದನ್ನೂ ಕ್ಯಾಮೆರಾ ತೋರಿಸುತ್ತದೆ. ತೊಂದರೆ ಇರುವುದು ಜಾಜ್ ಕ್ಲಬ್ಬಿನಲ್ಲಿ. ಜಗಳದ ನಡುವೆ ಅವನ ಕೈ ತಾಗಿ ಮೇರಿ ಜೇನ್ ನೆಲಕ್ಕೆ ಬೀಳುತ್ತಾಳೆ. ಇಷ್ಟು ದೊಡ್ಡದು ನಡೆದ ಮೇಲೆ ಅವನು ಅದರ ಜೊತೆ ಸ್ವಲ್ಪ ಹೊತ್ತು ಇರಬೇಕಿತ್ತು. ಚಿತ್ರಕ್ಕೆ ಪುರುಸೊತ್ತಿಲ್ಲ, ಸೀದಾ ಗಂಟೆಗೋಪುರಕ್ಕೆ ಓಡುತ್ತದೆ.

ಅಭ್ಯಾಸಕ್ಕೆ ಒಂದು ಕೆಲಸ. ವೆನಮ್ ಇಲ್ಲದೆ ಈ ಕಥೆಯನ್ನು ಒಂದು ಪುಟದಲ್ಲಿ ಬರೆದು ನೋಡಿ. ಕಪ್ಪು ವೇಷ ಇರಲಿ, ಸ್ಯಾಂಡ್‌ಮ್ಯಾನ್ ಮತ್ತು ಹ್ಯಾರಿ ಇರಲಿ. ಬಟ್ಲರ್ ಬಾಯಿಂದ ಏನನ್ನೂ ಹೇಳಿಸಬೇಡಿ. ಹ್ಯಾರಿ ಮನಸ್ಸು ಬದಲಾಗುವುದು ಪೀಟರ್ ಮಾಡುವ ಯಾವುದಾದರೂ ಕೆಲಸದಿಂದಲೇ ಆಗಬೇಕು. ನೀವು ಸಿಕ್ಕಿಬೀಳುವ ಜಾಗ ಬಹುಶಃ ಇದೇ: ವೆನಮ್ ಇಲ್ಲದಿದ್ದರೆ, ಕಿತ್ತೊಗೆದ ಕಪ್ಪು ವೇಷ ಎಲ್ಲಿಗೆ ಹೋಗಬೇಕು?