ಪೋಸ್ಟರ್ ಜೊತೆ ಬರಹವನ್ನೂ ಹಾಕಿ ಅಂತ ಗ್ರೂಪಿನಲ್ಲಿ ನಿಯಮ ಮಾಡಬೇಕಾ?

ಪ್ರಶ್ನೆ: ನಾನೊಂದು ದೊಡ್ಡ ಗ್ರೂಪಿನ ಅಡ್ಮಿನ್. ನಮ್ಮಲ್ಲಿ ಕಣ್ಣು ಕಾಣದ ಸದಸ್ಯರೊಬ್ಬರಿದ್ದಾರೆ. ಪೋಸ್ಟರ್, ಸ್ಕ್ರೀನ್‌ಶಾಟ್ ಬಂದಾಗೆಲ್ಲ "ಇದರಲ್ಲೇನಿದೆ?" ಅಂತ ಕೇಳುತ್ತಾರೆ, ಯಾರಾದರೂ ಹೇಳುತ್ತಾರೆ. ಒಬ್ಬರಿಗೋಸ್ಕರ ಎಲ್ಲರಿಗೂ ನಿಯಮ ಮಾಡಿದರೆ ಕಿರಿಕಿರಿ ಆಗಲ್ವಾ?

ಮಾಡಿ. ಹಿಂದೆ ಮುಂದೆ ನೋಡಬೇಡಿ. ಕೇಳಿದರೆ ಯಾರಾದರೂ ಹೇಳುತ್ತಾರಲ್ಲ ಅನ್ನುವ ಏರ್ಪಾಡಿನಲ್ಲಿ ಕಷ್ಟವೆಲ್ಲ ಒಬ್ಬರ ತಲೆಗೇ ಬೀಳುತ್ತದೆ. ಅವರು ಪ್ರತಿ ಸಲ ಎಲ್ಲರ ಮುಂದೆ ಕೇಳಬೇಕು, ಯಾರಾದರೂ ನೋಡುವ ತನಕ ಕಾಯಬೇಕು, ಆಮೇಲೆ ಥ್ಯಾಂಕ್ಸ್ ಬೇರೆ ಹೇಳಬೇಕು. ದಿನಾ ಹೀಗೇ ಆದರೆ ಯಾರಿಗಾದರೂ ಸಾಕಾಗುತ್ತದೆ. ಕೇಳುವುದನ್ನೇ ಬಿಡುತ್ತಾರೆ. ಅವರು ಸುಮ್ಮನಾದದ್ದು ನಿಮ್ಮ ಗಮನಕ್ಕೂ ಬರುವುದಿಲ್ಲ.

ಅವರ ಫೋನಿನಲ್ಲಿ ಏನಾಗುತ್ತದೆ ಅಂತ ತಿಳಿದರೆ ಈ ಮಾತು ಬೇಗ ಅರ್ಥವಾಗುತ್ತದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಈಗ ಫೋನಿನಲ್ಲೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ 2009ರಿಂದ ವಾಯ್ಸ್‌ಓವರ್. ನೀವೇ ಒಮ್ಮೆ ಆನ್ ಮಾಡಿ ನಿನ್ನೆಯ ಮೆಸೇಜುಗಳನ್ನು ಕೇಳಿ (ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಕೊಂಡಿರಿ, ಏಕೆಂದರೆ ಅದು ಆನ್ ಇದ್ದಾಗ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ). ಬರಹ ಬಂದಾಗ ಸರಾಗವಾಗಿ ಓದುತ್ತದೆ. ಪೋಸ್ಟರ್ ಬಂದಾಗ ಕಳಿಸಿದವರ ಹೆಸರು, ಫೋಟೋ, ಸಮಯ, ಸಾಮಾನ್ಯವಾಗಿ ಅಷ್ಟೇ. ಅದರ ಕೆಳಗೆ "ಎಲ್ಲರೂ ತಪ್ಪದೆ ನೋಡಿ" ಅಂತ ಬರೆದು ಕೈ ತೋರಿಸುವ ಎಮೋಜಿ ಸಾಲಾಗಿ ಹಾಕಿದ್ದರೆ, ಆ ಎಮೋಜಿಯ ಹೆಸರನ್ನೇ ಮತ್ತೆ ಮತ್ತೆ ಓದುವುದೂ ಉಂಟು. ಯೂನಿಕೋಡ್ (ಎಲ್ಲ ಫೋನುಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದಂತೂ ಅರ್ಥವಿಲ್ಲದ ಅಕ್ಷರಗಳಾಗಿ ಕೇಳಿಸುತ್ತದೆ.

ಹಾಗಾದರೆ ಏನು ಬರೆಯಬೇಕು? ಪೋಸ್ಟರಿನ ಬಣ್ಣ, ಹೂವಿನ ಅಂಚು ಯಾವುದೂ ಬೇಡ. "ಸಭೆ ಭಾನುವಾರ ಬೆಳಗ್ಗೆ 10 ಗಂಟೆಗೆ. ಜಾಗ ಬದಲಾಗಿದೆ, ಆನ್‌ಲೈನ್‌ನಲ್ಲಿ ಮಾತ್ರ ನಡೆಯುತ್ತದೆ. ಲಿಂಕ್ ಕೆಳಗಿದೆ." ಇಷ್ಟು ಸಾಕು. ಪೋಸ್ಟರಿನಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದೇ ವಿಳಾಸವನ್ನು ಬರಹದಲ್ಲೂ ಕೊಡಿ. ಇದನ್ನು ಟೈಪ್ ಮಾಡುವುದಕ್ಕೆ ಒಂದು ನಿಮಿಷ ಸಾಕು.

ನನ್ನ ಮಟ್ಟಿಗೆ ಇದರಲ್ಲಿ ಅನುಕೂಲಕ್ಕಿಂತ ದೊಡ್ಡ ವಿಷಯ ಸುರಕ್ಷತೆ. ಮೋಸದ ಲಿಂಕ್ ಓಡಾಡುತ್ತಿದೆ ಹುಷಾರು ಅನ್ನುವ ಎಚ್ಚರಿಕೆಗಳು ಹೆಚ್ಚಾಗಿ ಬರುವುದೇ ಚಿತ್ರವಾಗಿ, ಸ್ಕ್ರೀನ್‌ಶಾಟ್ ಆಗಿ. ಅತ್ತ ಮೋಸಗಾರ ಕಳಿಸಿದ ಮೆಸೇಜ್ ಬರಹದಲ್ಲೇ ಇರುತ್ತದೆ, ಸ್ಕ್ರೀನ್ ರೀಡರ್ ಅದನ್ನು ಚೆನ್ನಾಗಿಯೇ ಓದುತ್ತದೆ. ಅಂದರೆ ಮೋಸ ಅವರನ್ನು ಮುಟ್ಟುತ್ತದೆ, ಎಚ್ಚರಿಕೆ ಮುಟ್ಟುವುದಿಲ್ಲ. ಅಡ್ಮಿನ್ ಆದವರು ಇದನ್ನು ನೋಡಿಕೊಂಡು ಸುಮ್ಮನಿರಬಾರದು.

"ಈಗ ಎಐ ಇದೆಯಲ್ಲ, ಚಿತ್ರವನ್ನೂ ಓದುತ್ತೆ" ಅಂತ ಯಾರೋ ಹೇಳೇ ಹೇಳುತ್ತಾರೆ. ಹೌದು, ಓದುತ್ತದೆ. ಬಿ ಮೈ ಐಸ್ ಆ್ಯಪ್ 2015ರಲ್ಲಿ ಶುರುವಾದಾಗ ಕಣ್ಣಿರುವ ಸ್ವಯಂಸೇವಕರು ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳುತ್ತಿದ್ದರು, 2023ರಲ್ಲಿ ಅದಕ್ಕೆ ಎಐ ಕೂಡ ಸೇರಿತು. ತುಂಬಾ ಜನಕ್ಕೆ ಇದರಿಂದ ನಿಜವಾಗಿ ಉಪಕಾರವಾಗಿದೆ. ಆದರೆ ಅಲಂಕಾರದ ಅಕ್ಷರಗಳಲ್ಲಿ ಬರೆದ ತಾರೀಕು, ಫೋನ್ ನಂಬರ್ ತಪ್ಪಾಗಿ ಓದಿದರೆ ಅದನ್ನು ಪಕ್ಕಾ ಮಾಡಿಕೊಳ್ಳಲು ಅವರಿಗೆ ದಾರಿಯಿಲ್ಲ. ಜೊತೆಗೆ ಇಂಥ ಆ್ಯಪ್ ಬಳಸಿದರೆ ಗ್ರೂಪಿನೊಳಗಿನ ಖಾಸಗಿ ಚಿತ್ರವನ್ನು ಪ್ರತಿ ಸಲ ಹೊರಗಿನ ಕಂಪನಿಗೆ ಕಳಿಸಬೇಕಾಗುತ್ತದೆ. ಪೋಸ್ಟ್ ಮಾಡುವವರಿಗೆ ವಿಷಯ ಮೊದಲೇ ಗೊತ್ತಿರುತ್ತದೆ, ಅವರು ಬರೆಯುವುದೇ ಎಲ್ಲಕ್ಕಿಂತ ಸಲೀಸು.

ನಿಯಮ ತರುವ ರೀತಿಯ ಮೇಲೂ ತುಂಬಾ ನಿಂತಿದೆ. ಮೊದಲು ಆ ಸದಸ್ಯರ ಹತ್ತಿರ ಖಾಸಗಿಯಾಗಿ ಮಾತಾಡಿ, ಅವರಿಗೆ ಯಾವುದು ಕಷ್ಟ, ಯಾವುದು ಪರವಾಗಿಲ್ಲ ಅಂತ ಕೇಳಿ. ನೀವು ಅಂದುಕೊಂಡಿದ್ದೇ ಬೇರೆ, ಅವರ ತೊಂದರೆಯೇ ಬೇರೆ ಇರಬಹುದು. ಆದರೆ ಗ್ರೂಪಿನಲ್ಲಿ ಹೇಳುವಾಗ ಅವರ ಹೆಸರು ಎತ್ತಲೇಬೇಡಿ. "ಇಂಥವರಿಗೋಸ್ಕರ ಎಲ್ಲರೂ ಹೀಗೆ ಮಾಡಿ" ಅಂದರೆ ನಾಳೆ ಯಾರಿಗೆ ಕಿರಿಕಿರಿಯಾದರೂ ಆ ಸಿಟ್ಟು ಅವರ ಮೇಲೆ ತಿರುಗುತ್ತದೆ. "ಚಿತ್ರದಲ್ಲಿ ಅಕ್ಷರ ಇದ್ದರೆ ಅದರ ತಿರುಳನ್ನು ಕೆಳಗೆ ಬರೆಯಿರಿ" ಅಂತ ಒಂದೇ ಸಾಲು ಹಾಕಿ, ಗ್ರೂಪಿನ ವಿವರಣೆಯಲ್ಲೂ ಸೇರಿಸಿ. ಹಾಂ, ನಿಯಮವನ್ನೇ ಪೋಸ್ಟರ್ ಮಾಡಿ ಹಾಕಬೇಡಿ. ಯಾರಾದರೂ ಮರೆತರೆ ಅವರ ಪೋಸ್ಟ್ ತೆಗೆಯಬೇಡಿ, ಎಲ್ಲರೆದುರು ಬಯ್ಯಲೂ ಬೇಡಿ. ನೀವೋ ಇನ್ನೊಬ್ಬ ಅಡ್ಮಿನ್ನೋ ಅದಕ್ಕೇ ರಿಪ್ಲೈ ಮಾಡಿ ತಿರುಳು ಬರೆದುಬಿಡಿ. ಅಡ್ಮಿನ್‌ಗಳೇ ಮರೆತರೆ ಮಾತ್ರ ಈ ನಿಯಮ ಒಂದು ವಾರವೂ ಬಾಳುವುದಿಲ್ಲ.

ಇನ್ನು ಕಿರಿಕಿರಿಯ ಮಾತು. ಮೊದಲ ಕೆಲವು ದಿನ ಗೊಣಗುತ್ತಾರೆ, ನಿಜ. ಆದರೆ ಬರಹ ಇದ್ದರೆ ಡೇಟಾ ಕಮ್ಮಿ ಇರುವವರು ಚಿತ್ರ ಡೌನ್‌ಲೋಡ್ ಮಾಡದೆ ವಿಷಯ ತಿಳಿಯುತ್ತಾರೆ, ವಯಸ್ಸಾದವರು ಅಕ್ಷರ ದೊಡ್ಡದು ಮಾಡಿ ಓದುತ್ತಾರೆ, ಹೋದ ತಿಂಗಳ ಸೂಚನೆ ಹುಡುಕಿದರೆ ತಟ್ಟನೆ ಸಿಗುತ್ತದೆ. ಉದ್ದದ ವಾಯ್ಸ್ ಮೆಸೇಜಿಗೂ ಇದನ್ನೇ ಅನ್ವಯಿಸಿ. ಕಣ್ಣು ಕಾಣದವರಿಗೆ ಅದು ಸುಲಭ, ಕಿವಿ ಕೇಳದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಬರಹವಾದರೆ ಇಬ್ಬರಿಗೂ ದಕ್ಕುತ್ತದೆ.

ಒಂದು ವಿಷಯದಲ್ಲಿ ಮಾತ್ರ ಮೆತ್ತಗಾಗಬೇಡಿ. ಜೋರಾಗಿ ಮಿನುಗುವ ಜಿಫ್, ವಿಡಿಯೋ ಬಂದರೆ ತಕ್ಷಣ ತೆಗೆಯಿರಿ. ಕೆಲವರಿಗೆ ಇದರಿಂದ ಫಿಟ್ಸ್ ಬರುತ್ತದೆ. ಜಪಾನಿನಲ್ಲಿ 1997ರಲ್ಲಿ ಒಂದು ಕಾರ್ಟೂನಿನ ಮಿನುಗುವ ದೃಶ್ಯ ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಯಾವುದೂ ಮಿನುಗಬಾರದು ಅಂತ ವೆಬ್ ಮಾನದಂಡಗಳೇ ಹೇಳುತ್ತವೆ. ಫಿಟ್ಸ್ ಇರುವವರಿಗೆ ಬೇಕಂತಲೇ ಇಂಥದ್ದನ್ನು ಕಳಿಸುವುದನ್ನು ಬ್ರಿಟನ್ 2023ರ ಕಾನೂನಿನಲ್ಲಿ ಅಪರಾಧವಾಗಿಸಿದೆ. ನಿಮ್ಮ ಗ್ರೂಪಿನಲ್ಲಿ ಯಾರಿಗೆ ಈ ತೊಂದರೆ ಇದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ, ಅವರು ಹೇಳಬೇಕಾಗಿಯೂ ಇಲ್ಲ. ಮೊದಲು ತೆಗೆದುಬಿಡಿ, ಕಳಿಸಿದವರಿಗೆ ಕಾರಣವನ್ನು ಆಮೇಲೆ ಹೇಳಿ.